ಪಾವಟಿಗೆಗೊಂದು ಆಸರೆ

ಯಡ್ರಾಮಿ, ಜೇವರ್ಗಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಪಾವಟಿಗೆಗಿಂತ ನಿಚ್ಚಣಿಕೆಗಳೇ ಹೆಚ್ಚು. ಎರಡು ಉದ್ದನೆಯ ಕಟ್ಟಿಗೆ, ನಡುವೆ ಅಡ್ಡ ಹಲಗೆಗಳು. ಗೋಡೆಗೆ ಆನಿಸಿದರೆ ಮುಗಿಯಿತು. ಜೋಳ, ತೊಗರಿ ಒಣಗಿಸಲು, ಶಾವಿಗೆ, ಸಂಡಿಗೆ ಹಾಕಲು, ಬೇಸಿಗೆಯ ರಾತ್ರಿ ಮಲಗಲು ಮಾಳಿಗೆಯೇ ಬೇಕು. ದಿನಕ್ಕೆ ಹತ್ತು ಸಲ ಅದನ್ನು ಏರಿ ಇಳಿಯುವವಳು ಮನೆಯ ಹೆಣ್ಣುಮಗಳು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಸೀರೆಯ ನಿರಿಗೆ, ಕೆಲವೊಮ್ಮೆ ಬಗಲಲ್ಲಿ ಕೂಸು. ನಿಚ್ಚಣಿಕೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಬೇಕು?

ಚರಿತ್ರೆಯ ಪಾಠದಲ್ಲಿ ಒಂದು ಕಟ್ಟಡವನ್ನು ಯಾರು ಕಟ್ಟಿಸಿದರು, ಯಾವ ವರ್ಷದಲ್ಲಿ, ಎಷ್ಟು ಎತ್ತರ ಎಂದು ಹೇಳಿಕೊಡುತ್ತೇವೆ. ಅದನ್ನು ಏರುವವರು ಏನನ್ನು ಹಿಡಿದು ಏರುತ್ತಿದ್ದರು ಎಂದು ಯಾವ ಪಠ್ಯಪುಸ್ತಕವೂ ಕೇಳುವುದಿಲ್ಲ. ಮಕ್ಕಳನ್ನು ವಿಜಯಪುರಕ್ಕೆ ಪ್ರವಾಸ ಕರೆದುಕೊಂಡು ಹೋದವರಿಗೆ ಮಾತ್ರ ಈ ಪ್ರಶ್ನೆ ತಾನಾಗಿ ಹುಟ್ಟುತ್ತದೆ. 1656ರಲ್ಲಿ ಮುಗಿದ ಗೋಳಗುಮ್ಮಟದ ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರಗಳಿವೆ. ಅವುಗಳೊಳಗಿನ ಕಡಿದಾದ ಮೆಟ್ಟಿಲು ಏರಿಯೇ ಪಿಸುಗುಟ್ಟುವ ಮೊಗಸಾಲೆಗೆ ಹೋಗಬೇಕು. ಅಲ್ಲಿ ಎರಡೂ ಕಡೆಯ ಗೋಡೆಯೇ ಆಸರೆ. ಅದೇ ಊರಿನ ಉಪ್ಪಲಿ ಬುರುಜನ್ನು ನೋಡಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಈ ಕಾವಲು ಬುರುಜಿಗೆ ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಏರುತ್ತವೆ. ಒಂದು ಮಗ್ಗುಲಿಗೆ ಕಲ್ಲು, ಇನ್ನೊಂದು ಮಗ್ಗುಲಿಗೆ ಬಯಲು. ಕಟ್ಟಿದವರ ಕಣ್ಣ ಮುಂದೆ ಇದ್ದವನು ಗಟ್ಟಿಮುಟ್ಟಾದ ಸಿಪಾಯಿ. ಬಸುರಿ, ಬಾಣಂತಿ, ಮೊಣಕಾಲು ನೋವಿನ ಅಜ್ಜಿ, ಎಂಟು ವರ್ಷದ ಹುಡುಗಿ ಅಲ್ಲಿಗೆ ಬರುವವರ ಲೆಕ್ಕದಲ್ಲಿ ಇರಲಿಲ್ಲ.

ಮೆಟ್ಟಿಲಿಗೂ ಒಂದು ಗಣಿತ ಉಂಟೆಂದು ಬರೆದಿಟ್ಟವನು ಹದಿನೇಳನೆಯ ಶತಮಾನದ ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್. ಮನುಷ್ಯನ ಹೆಜ್ಜೆಯನ್ನೇ ಅವನು ಅಳತೆಗೋಲು ಮಾಡಿಕೊಂಡ. ಮೆಟ್ಟಿಲಿನ ಎತ್ತರವನ್ನು ಎರಡು ಸಲ, ಅಗಲವನ್ನು ಒಂದು ಸಲ ಕೂಡಿದರೆ ಒಂದು ಹೆಜ್ಜೆಯಷ್ಟು, ಅಂದರೆ ಸುಮಾರು 60ರಿಂದ 65 ಸೆಂಟಿಮೀಟರು ಬರಬೇಕು. 1970ರಲ್ಲಿ ಮೊದಲು ಬಂದ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಳತೆಗಳೂ ಈ ಲೆಕ್ಕಕ್ಕೆ ಕೂಡುತ್ತವೆ. ವಾಸದ ಮನೆಯ ಮೆಟ್ಟಿಲು 19 ಸೆಂ.ಮೀ.ಗಿಂತ ಎತ್ತರ ಇರಬಾರದು, ಅಗಲ 25ಕ್ಕಿಂತ ಕಡಿಮೆಯಾಗಬಾರದು. ಶಾಲೆಯಂಥ ಕಟ್ಟಡದಲ್ಲಿ ಎತ್ತರ 15, ಅಗಲ 30. ಎರಡನ್ನೂ ಕೂಡಿಸಿ ನೋಡಿ, 63 ಮತ್ತು 60. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಸಾಲಿನ ಮೆಟ್ಟಿಲುಗಳೆಲ್ಲ ಒಂದೇ ಸಮ ಇರಬೇಕು. ಎರಡು ಮೆಟ್ಟಿಲು ಏರಿದ ಕಾಲು ಮೂರನೆಯದರ ಎತ್ತರವನ್ನು ಕಣ್ಣಿನ ನೆರವಿಲ್ಲದೆ ನೆನಪಿಟ್ಟುಕೊಳ್ಳುತ್ತದೆ. ಅದು ಒಂದಂಗುಲ ಹೆಚ್ಚುಕಡಿಮೆಯಾದರೆ ಮುಗ್ಗರಿಸುತ್ತದೆ.

ನಮ್ಮ ನಾಡಿನ ದೊಡ್ಡ ಕಟ್ಟಡಗಳಿಗೆ ಮೊದಮೊದಲು ಎರಕದ ಕಬ್ಬಿಣ ಹಡಗಿನಲ್ಲಿ ಬಂತು. 1897ರ ಬೆಂಕಿಯ ನಂತರ ಹೊಸದಾಗಿ ಕಟ್ಟಿ 1912ರಲ್ಲಿ ಮುಗಿಸಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಎರಕವಾದವು. ಅವನ್ನು ಎರಕ ಹೊಯ್ದ ಮ್ಯಾಕ್‌ಫರ್ಲೇನ್ ಕಾರ್ಖಾನೆಯವರು ಕಂಬದಂತೆಯೇ ಮೆಟ್ಟಿಲು, ಕಟಕಟೆಗಳ ಚಿತ್ರವಿರುವ ಪುಸ್ತಕವನ್ನೂ ಅಚ್ಚು ಹಾಕಿಸಿದ್ದರು. ನೋಡಿ ಆರಿಸಿ ತರಿಸಿಕೊಳ್ಳಬಹುದಿತ್ತು. ಎರಕದ ಕಬ್ಬಿಣ ನೋಡಲು ಚಂದ, ಆದರೆ ಪೆಟ್ಟು ಬಿದ್ದರೆ ಮುರಿಯುತ್ತದೆ. ಉಕ್ಕು ಹಾಗಲ್ಲ, ಬಾಗಿ ತಾಳಿಕೊಳ್ಳುತ್ತದೆ, ಬೆಸುಗೆಗೆ ಒಲಿಯುತ್ತದೆ. ಹೀಗಾಗಿ ಕರೆಂಟು ಬಂದು ವೆಲ್ಡಿಂಗ್ ಅಂಗಡಿಗಳಾದ ಮೇಲೆ ನಮ್ಮಂಥ ಊರಿನ ಮನೆಗಳಿಗೂ ಆ್ಯಂಗಲ್ ಮತ್ತು ಪೈಪಿನ ಮೆಟ್ಟಿಲು ಸಾಧ್ಯವಾಯಿತು. ನಿಚ್ಚಣಿಕೆ ಮೂಲೆಗೆ ಸೇರಿತು. ಅದರ ಬದಲು ಬಂದದ್ದು ಎಷ್ಟು ಗಟ್ಟಿ ಎಂದು ಕೇಳುವ ರೂಢಿ ಮಾತ್ರ ಬರಲಿಲ್ಲ.

ಅದನ್ನು ಕೇಳಲೇಬೇಕು ಎಂಬುದಕ್ಕೆ ಎರಡು ದುರಂತ ಸಾಕು. 1943ರ ಮಾರ್ಚ್ 3ರ ರಾತ್ರಿ, ಯುದ್ಧದ ಕಾಲದಲ್ಲಿ, ಲಂಡನ್ನಿನ ಬೆತ್ನಲ್ ಗ್ರೀನ್ ನೆಲದಡಿ ನಿಲ್ದಾಣಕ್ಕೆ ಜನ ಆಶ್ರಯಕ್ಕೆಂದು ಇಳಿಯುತ್ತಿದ್ದರು. ಮಳೆಗೆ ತೊಯ್ದ ಮೆಟ್ಟಿಲು, ಮಸುಕು ದೀಪ, ನಡುವೆ ಹಿಡಿಯಲು ಒಂದು ಸರಳೂ ಇಲ್ಲ. ಕೆಳಗೆ ಒಬ್ಬರು ಎಡವಿದರು, ಮೇಲಿನವರು ಅವರ ಮೇಲೆ ಬಿದ್ದರು. ಅಲ್ಲಿ ಯಾವ ಬಾಂಬೂ ಬೀಳಲಿಲ್ಲ, ಆದರೂ 173 ಜನ ಸತ್ತರು. ಅವರಲ್ಲಿ 84 ಹೆಂಗಸರು, 62 ಮಕ್ಕಳು. ಆ ಮೇಲೆ ನಡುವೆ ಕೈಹಿಡಿಗಳನ್ನು ಹಾಕಿದರು, ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಬಳಿದರು. ಇನ್ನೊಂದು, ನಮ್ಮ ಭಾಗದ ಎಷ್ಟೋ ಜನ ದುಡಿಯಲು ಹೋಗುವ ಮುಂಬಯಿಯದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯ ಮೆಟ್ಟಿಲಲ್ಲಿ, ಮಳೆ ಬಂದಾಗ ನೂಕುನುಗ್ಗಲಾಗಿ 23 ಜನ ಪ್ರಾಣ ಕಳೆದುಕೊಂಡರು.

ಗುಂಪು ನೂಕುವಾಗ ರೇಲಿಂಗಿನ ಮೇಲೆ ಬೀಳುವ ಬಲವನ್ನು 1987ರಲ್ಲಿ ಬಂದ ಭಾರತೀಯ ಮಾನಕ 875ರ ಎರಡನೆಯ ಭಾಗದಲ್ಲಿ ಲೆಕ್ಕ ಹಾಕಿಟ್ಟಿದ್ದಾರೆ. ಖಾಸಗಿ ಮನೆಯ ಮೆಟ್ಟಿಲ ರೇಲಿಂಗು ಒಂದು ಮೀಟರ್ ಉದ್ದಕ್ಕೆ ಸುಮಾರು 35 ಕಿಲೋದಷ್ಟು ನೂಕನ್ನು ತಾಳಬೇಕು. ಜನ ಗುಂಪುಗೂಡುವ ಕಟ್ಟಡದಲ್ಲಿ ಅದು ಸುಮಾರು 230 ಕಿಲೋ, ಅಂದರೆ ಆರು ಪಟ್ಟಿಗೂ ಹೆಚ್ಚು. ಗುಂಪುಗೂಡುವ ಕಟ್ಟಡಗಳ ಆ ಪಟ್ಟಿಯಲ್ಲಿ ಸಿನಿಮಾ ಮಂದಿರ, ನಾಟಕ ಮಂದಿರಗಳ ಜೊತೆಗೇ ಶಾಲೆಯ ಹೆಸರೂ ಇದೆ. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಶಾಲೆಗಳು ಕಣ್ಣಮುಂದೆ ಬಂದವು. ಬಿಡುವಿನ ಗಂಟೆ ಬಾರಿಸಿದ ಕೂಡಲೇ ಮೇಲಂತಸ್ತಿನಿಂದ ಇನ್ನೂರು ಮಕ್ಕಳು ಒಂದೇ ಉಸಿರಿಗೆ ಇಳಿಯುತ್ತಾರೆ. ಅವರು ಆತುಕೊಳ್ಳುವ ರೇಲಿಂಗನ್ನು ಮನೆಯ ಮಾದರಿಯಲ್ಲೇ ಮಾಡಿರುತ್ತಾರೆ. ಅದೇ ಪೈಪು, ಅದೇ ಬೆಸುಗೆ, ಅದೇ ದರ.

ನಾನು ಕೆಲಸ ಮಾಡಿದ ಒಂದು ಶಾಲೆಗೆ ಮೇಲೆ ಎರಡು ಕೋಣೆ ಕಟ್ಟಿದಾಗ ರೇಲಿಂಗು ಹಾಕಲು ಬಂದ ಹುಡುಗ ಹೇಳಿದ, "ಅಕ್ಕೋರ, ಅಡ್ಡ ಪೈಪ ಹಾಕಿದ್ರ ಚಂದ ಕಾಣ್ತದರಿ. ಈಗ ಎಲ್ಲಾರೂ ಹಂಗೇ ಹಾಕಸ್ಲಿಕತ್ತಾರ."

"ನಿನಗ ಅದು ಚಂದ ತಮ್ಮಾ, ನಮ್ಮ ಹುಡುಗೂರಿಗೆ ಅದು ನಿಚ್ಚಣಿಕಿ. ಹತ್ತಿ ನಿಂದರ್ತಾವ. ನಿಂತ ಸರಳೇ ಹಾಕು" ಎಂದೆ.

ಅವನು ನಕ್ಕು ಒಪ್ಪಿಕೊಂಡ. ಸರಳುಗಳ ನಡುವೆ ನಾಲ್ಕು ಅಂಗುಲ ಮೀರಬಾರದೆಂದು ಅಳತೆಯನ್ನೂ ಕೊಟ್ಟೆ. ಬ್ರಿಟನ್ನಿನ ನಿಯಮದಲ್ಲಿ 100 ಮಿಲಿಮೀಟರಿನ ಚೆಂಡು ತೂರಬಾರದೆಂದಿದೆ. ಚೆಂಡು ತೂರುವಲ್ಲಿ ಕೂಸಿನ ಮೈಯೂ ತೂರೀತು ಎಂಬುದೇ ಅದರ ಹಿಂದಿನ ಯೋಚನೆ.

ಬುಡದ ಮಾತೊಂದು ಉಳಿದಿದೆ. ದನದ ಗೂಟ ಕೀಳುವಾಗ ನಾವು ತುದಿಯನ್ನು ಹಿಡಿದು ಅಲುಗಾಡಿಸುತ್ತೇವೆ, ಸಡಿಲಾಗುವುದು ಬುಡ. ರೇಲಿಂಗಿನ ಕಂಬವೂ ಹಾಗೆಯೇ. ಸೊಂಟದೆತ್ತರದಲ್ಲಿ ನೂಕಿದರೆ ಪೂರ್ತಿ ಬಲ ನೆಲಕ್ಕೆ ಸೇರುವ ಜಾಗದ ಮೇಲೆ ಬೀಳುತ್ತದೆ. ನೀರು ನಿಲ್ಲುವುದೂ ಅಲ್ಲಿಯೇ, ತುಕ್ಕು ಹಿಡಿಯುವುದೂ ಅಲ್ಲಿಯೇ. ಮೇಲೆ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ಪೈಪು ಕಾಗದದಷ್ಟು ತೆಳುವಾಗಿರಬಹುದು. ಆದ್ದರಿಂದ ಬಣ್ಣ ಹೊಡೆಸುವ ಮುಂಚೆ ಬುಡ ಕೆರೆದು ನೋಡಬೇಕು, ನೀರು ನಿಲ್ಲದಂತೆ ಸಿಮೆಂಟಿನ ಇಳಿಜಾರು ಕೊಡಿಸಬೇಕು, ಪೈಪಿನ ತೆರೆದ ಬಾಯಿಯನ್ನು ಮುಚ್ಚಿಸಬೇಕು.

ಮನೆ ಕಟ್ಟಿಸುವಾಗ ಅಡಿಗೆಮನೆಯ ಕಟ್ಟೆ ಎಷ್ಟು ಎತ್ತರ ಇರಲಿ ಎಂದು ನಮ್ಮನ್ನು ಕೇಳುತ್ತಾರೆ. ಮೆಟ್ಟಿಲಿನ ವಿಷಯಕ್ಕೆ ಬಂದರೆ ಮೇಸ್ತ್ರಿ ಮತ್ತು ಮನೆಯ ಗಂಡಸರೇ ಮಾತಾಡಿ ಮುಗಿಸುತ್ತಾರೆ. ಕೊಡ ಹೊತ್ತು, ಕೂಸು ಎತ್ತಿಕೊಂಡು, ತೊಯ್ದ ಬಟ್ಟೆಯ ಬುಟ್ಟಿ ಹಿಡಿದು ಅದನ್ನು ಏರುವವರು ನಾವು. ಟೇಪು ಹಿಡಿದು ಅಳೆಯುವ ಹಕ್ಕೂ ನಮ್ಮದೇ. ಮುಂದಿನ ಸಲ ಮಗುವಿನ ಶಾಲೆಯ ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡಿದ ಮೇಲೆ ಮೇಲಂತಸ್ತಿನ ಮೆಟ್ಟಿಲ ಹತ್ತಿರವೂ ಹೋಗಿ ಬನ್ನಿ. ಕೆಳಗೇ ನಿಂತು ರೇಲಿಂಗನ್ನು ಕೈಯಿಂದ ಮೆಲ್ಲಗೆ ಅಲುಗಾಡಿಸಿ ನೋಡಿ. ಅಲುಗಿದರೆ ಅಂದೇ ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಬರೆದುಕೊಟ್ಟು ಬನ್ನಿ.