ಮೋಲ್ಡ್ ಆಯ್ತು ಅಂದ್ರೆ ಮುಕ್ಕಾಲು ಮನೆ ಆಯ್ತಾ? ಕಾಂಟ್ರಾಕ್ಟರ್‌ಗೆ ಕಂತಿನ ಹಣ ಲೆಕ್ಕ ಹಾಕುವುದು ಹೀಗೆ

ಮನೆ ಕಟ್ಟಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಪಟ್ಟಿ ಆಗಾಗ ಸುತ್ತುತ್ತಿರುತ್ತದೆ. ಅಗ್ರಿಮೆಂಟ್ ದಿನ ಶೇ. 10, ಪಾಯ ಮುಗಿದಾಗ ಶೇ. 15, ಕೆಳಗಿನ ಮೋಲ್ಡ್‌ಗೆ ಶೇ. 20, ಮೇಲಿನ ಮೋಲ್ಡ್‌ಗೆ ಶೇ. 20, ಆಮೇಲೆ ಗಾರೆ, ನೆಲ, ಬಣ್ಣ ಅಂತ ಉಳಿದದ್ದು. ಅಂಕಿಗಳು ಗುಂಪಿನಿಂದ ಗುಂಪಿಗೆ ಸ್ವಲ್ಪ ಬದಲಾಗುತ್ತವೆ. ಆದರೆ ಓದುವವರು ಅದನ್ನು ಒಂದು ನಿಯಮ ಎಂದೇ ತಿಳಿದು ಮುಂದಿನವರಿಗೆ ಕಳಿಸುತ್ತಾರೆ.

ಇಂಥ ಶೇಕಡಾವಾರು ಪಟ್ಟಿ ಕಾನೂನಿನಲ್ಲಿಲ್ಲ. ನಿಮ್ಮ ಸೈಟಿನಲ್ಲಿ ನೀವು ಮನೆ ಕಟ್ಟಿಸುವಾಗ ಯಾವಾಗ ಎಷ್ಟು ಕೊಡಬೇಕು ಎನ್ನುವುದನ್ನು ತೀರ್ಮಾನಿಸುವುದು ನೀವು ಮತ್ತು ಕಾಂಟ್ರಾಕ್ಟರ್ ಸಹಿ ಹಾಕಿದ ಕರಾರು ಮಾತ್ರ. ಪಟ್ಟಿಯನ್ನು ಹಾಗೇ ಕರಾರಿಗೆ ಅಂಟಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಅಂಕಿ ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ.

ಒಂದು 40 ಲಕ್ಷದ ಮನೆ

20 ಚದರದ ಮನೆ, ಚದರಕ್ಕೆ 2 ಲಕ್ಷದಂತೆ ಒಟ್ಟು 40 ಲಕ್ಷ ರೂಪಾಯಿಯ ಪೂರ್ಣ ಗುತ್ತಿಗೆ ಎಂದುಕೊಳ್ಳಿ. (ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಉದಾಹರಣೆ. ನಿಮ್ಮ ಊರಿನ ದರ ಬೇರೆ ಇರುತ್ತದೆ.) ಈ 40 ಲಕ್ಷವನ್ನು ಕೆಲಸದ ಭಾಗಗಳಿಗೆ ಹಂಚೋಣ. ಪಾಯ ಮತ್ತು ಪ್ಲಿಂತ್ 5 ಲಕ್ಷ. ಪಿಲ್ಲರ್, ಬೀಮ್, ಎರಡು ಮೋಲ್ಡ್, ಮೆಟ್ಟಿಲು ಸೇರಿ 11 ಲಕ್ಷ. ಗೋಡೆ 4 ಲಕ್ಷ. ಗಾರೆ ಅಂದರೆ ಪ್ಲಾಸ್ಟರಿಂಗ್ 3 ಲಕ್ಷ. ಬಾಗಿಲು, ಕಿಟಕಿ, ನೆಲ, ವೈರಿಂಗ್, ಪ್ಲಂಬಿಂಗ್, ಸಂಪು, ಬಣ್ಣ ಎಲ್ಲ ಸೇರಿ 17 ಲಕ್ಷ.

ಈಗ ಎರಡನೇ ಮೋಲ್ಡ್ ಮುಗಿದಿದೆ, ಗೋಡೆ ಕೆಲಸ ಶೇ. 60ರಷ್ಟು ಆಗಿದೆ. ರಸ್ತೆಯಲ್ಲಿ ನಿಂತು ನೋಡಿದವರಿಗೆ ಮುಕ್ಕಾಲು ಮನೆ ಎದ್ದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಪಾಯದ 5 ಲಕ್ಷ, ಮೋಲ್ಡ್‌ಗಳ 11 ಲಕ್ಷ, ಗೋಡೆಯ 4 ಲಕ್ಷದಲ್ಲಿ 2.40 ಲಕ್ಷ. ಒಟ್ಟು 18.40 ಲಕ್ಷ, ಅಂದರೆ ಶೇ. 46.

ಫಾರ್ವರ್ಡ್ ಪಟ್ಟಿಯ ಪ್ರಕಾರ ನೀವು ಇಷ್ಟರಲ್ಲಿ ಶೇ. 65, ಅಂದರೆ 26 ಲಕ್ಷ ಕೊಟ್ಟಾಗಿರುತ್ತದೆ. ಕೈಯಲ್ಲಿ ಉಳಿದಿರುವುದು 14 ಲಕ್ಷ, ಬಾಕಿ ಉಳಿದಿರುವ ಕೆಲಸ 21.60 ಲಕ್ಷದ್ದು. ನಡುವಿನ 7.60 ಲಕ್ಷ ಕಾಂಟ್ರಾಕ್ಟರ್ ಜೇಬಿನಲ್ಲಿ, ಅಥವಾ ಅವರ ಇನ್ನೊಂದು ಸೈಟಿನ ಕಬ್ಬಿಣದಲ್ಲಿ ಇರುತ್ತದೆ. ಅವರು ಪ್ರಾಮಾಣಿಕರಾಗಿದ್ದು ಕೆಲಸ ಮುಗಿಸಿದರೆ ಏನೂ ತೊಂದರೆಯಿಲ್ಲ. ಆದರೆ ಅವರಿಗೆ ಕಾಯಿಲೆಯಾದರೆ, ನಷ್ಟವಾದರೆ, ಜಗಳವಾಗಿ ಬಿಟ್ಟುಹೋದರೆ 14 ಲಕ್ಷಕ್ಕೆ 21.60 ಲಕ್ಷದ ಕೆಲಸ ಮಾಡಿಕೊಡುವ ಇನ್ನೊಬ್ಬ ಕಾಂಟ್ರಾಕ್ಟರ್ ಸಿಗುವುದಿಲ್ಲ. ಅರ್ಧಕ್ಕೆ ನಿಂತ ಎಷ್ಟೋ ಮನೆಗಳ ಹಿಂದೆ ಮೋಸಕ್ಕಿಂತ ಇಂಥ ಲೆಕ್ಕದ ಅಂತರವೇ ಹೆಚ್ಚಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಟ್ಟಡದ ಒಡಲು ಬೇಗ ಏಳುತ್ತದೆ, ಕಣ್ಣಿಗೂ ದೊಡ್ಡದಾಗಿ ಕಾಣುತ್ತದೆ. ದುಬಾರಿ ಕೆಲಸಗಳಲ್ಲಿ ಬಹುಪಾಲು ಒಳಗೆ, ಕೊನೆಯಲ್ಲಿ ಬರುತ್ತವೆ. ಶೇಕಡಾವಾರು ಪಟ್ಟಿ ಕಣ್ಣಿನ ಲೆಕ್ಕಕ್ಕೆ ಹೊಂದುತ್ತದೆ, ಖರ್ಚಿನ ಲೆಕ್ಕಕ್ಕಲ್ಲ.

ಹಾಗಾದರೆ ಸರಿಯಾದ ಬಿಲ್ ಹೇಗಿರುತ್ತದೆ?

ಸರ್ಕಾರಿ ಕಾಮಗಾರಿಗಳಲ್ಲಿ ಇದಕ್ಕೆ ಹಳೆಯ, ಗಟ್ಟಿ ಪದ್ಧತಿಯಿದೆ. ಕೆಲಸ ನಡೆಯುತ್ತಿರುವಾಗಲೇ ಕೊಡುವ ಬಿಲ್ಲಿಗೆ ರನ್ನಿಂಗ್ ಬಿಲ್ ಅಥವಾ ಆರ್‌ಎ ಬಿಲ್ ಎನ್ನುತ್ತಾರೆ. ಇಂಜಿನಿಯರ್ ಸ್ಥಳಕ್ಕೆ ಹೋಗಿ ಆಗಿರುವ ಕೆಲಸವನ್ನು ಟೇಪು ಹಿಡಿದು ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಗುತ್ತಿಗೆದಾರರ ಬಾಯಲ್ಲಿ ಇದು ‘ಎಂ.ಬಿ.’. ಪುಟಗಳಿಗೆ ಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ಬಿಲ್ ಆಗಿದೆಯಾ ಎಂದು ಕೇಳಿದರೆ ‘ಎಂ.ಬಿ. ಬರೆದಿದ್ದಾರಾ?’ ಎಂಬ ಮರುಪ್ರಶ್ನೆ ಬರುವುದು ಇದಕ್ಕೇ.

ಆರ್‌ಎ ಬಿಲ್ಲಿನ ಜಾಣತನವೆಂದರೆ ಅದು ಪ್ರತಿ ಸಲವೂ ಮೊದಲಿನಿಂದ ಲೆಕ್ಕ ಹಾಕುತ್ತದೆ. ಈ ತಿಂಗಳು ಏನಾಯಿತು ಎಂದು ಕೇಳುವುದಿಲ್ಲ. ಶುರುವಿನಿಂದ ಇಂದಿನವರೆಗೆ ಒಟ್ಟು ಎಷ್ಟಾಗಿದೆ ಎಂದು ಅಳೆದು, ಈವರೆಗೆ ಕೊಟ್ಟದ್ದನ್ನು ಕಳೆಯುತ್ತದೆ. ಹಾಗಾಗಿ ಹೋದ ಬಿಲ್ಲಿನಲ್ಲಿ ಹೆಚ್ಚು ಅಳತೆ ಬರೆದಿದ್ದರೆ ಈ ಬಿಲ್ಲಿನಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ.

ನಮ್ಮ 40 ಲಕ್ಷದ ಮನೆಗೆ ಇದನ್ನೇ ಹಾಕೋಣ. ಆಗಿರುವ ಕೆಲಸ 18.40 ಲಕ್ಷ. ಸೈಟಿನಲ್ಲಿ ಇಳಿಸಿರುವ, ಇನ್ನೂ ಬಳಸದ ಇಟ್ಟಿಗೆ ಮತ್ತು ಕಬ್ಬಿಣ ಬಿಲ್ ಪ್ರಕಾರ 60 ಸಾವಿರ. ಒಟ್ಟು 19 ಲಕ್ಷ. ಇದರಲ್ಲಿ ಶೇ. 5, ಅಂದರೆ 95 ಸಾವಿರವನ್ನು ರಿಟೆನ್ಷನ್ ಎಂದು ಹಿಡಿದಿಟ್ಟರೆ 18.05 ಲಕ್ಷ. ಮೊದಲ ದಿನದ ಅಡ್ವಾನ್ಸ್ ಸೇರಿ ಈವರೆಗೆ ಕೊಟ್ಟದ್ದು 15.50 ಲಕ್ಷ. ಈ ಸಲ ಕೊಡಬೇಕಾದ್ದು 2.55 ಲಕ್ಷ. ಇಷ್ಟೇ. ಒಂದು ನೋಟ್‌ಬುಕ್, ಒಂದು ಟೇಪು, ಇಬ್ಬರ ಸಹಿ ಸಾಕು.

ಸೈಟಿನಲ್ಲಿರುವ ಸಾಮಾನಿಗೆ ಹಣ ಕೊಡುವಾಗ ಒಂದಿಷ್ಟು ಎಚ್ಚರ ಬೇಕು. ಕಬ್ಬಿಣ, ಇಟ್ಟಿಗೆ ಕೆಡುವುದಿಲ್ಲ. ಸಿಮೆಂಟ್ ಚೀಲ ತಿಂಗಳುಗಟ್ಟಲೆ ಇದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ಸರ್ಕಾರಿ ಗುತ್ತಿಗೆಗಳಲ್ಲೂ ಬೇಗ ಹಾಳಾಗದ, ಒಡೆಯದ, ಹೊತ್ತಿಕೊಳ್ಳದ ಸಾಮಾನಿನ ಮೇಲೇ ಮುಂಗಡ. ಮತ್ತೆ, ಹಣ ಕೊಟ್ಟ ಕಬ್ಬಿಣ ನಿಮ್ಮದು, ಅದು ಇನ್ನೊಂದು ಸೈಟಿಗೆ ಹೋಗುವಂತಿಲ್ಲ ಎಂದು ಕರಾರಿನಲ್ಲಿ ಬರೆದಿರಲಿ.

ಕಿಟಕಿ ಇರುವ ಜಾಗಕ್ಕೂ ಗಾರೆ ಲೆಕ್ಕ: ಇದು ಮೋಸವೇ?

‘ಗೋಡೆ ಇಲ್ಲದ ಜಾಗಕ್ಕೂ ದುಡ್ಡು ಕೀಳುತ್ತಾರೆ’ ಎಂಬ ದೂರು ಬಹಳ ಜನರದ್ದು. ಚದರದ ಲೆಕ್ಕದ ಪೂರ್ಣ ಗುತ್ತಿಗೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಆದರೆ ಸಾಮಾನು ನಿಮ್ಮದು, ಕೂಲಿ ಮೇಸ್ತ್ರಿಯದು ಎನ್ನುವ ಲೇಬರ್ ಕಾಂಟ್ರಾಕ್ಟ್‌ನಲ್ಲಿ ಗಾರೆಯನ್ನು ಅಡಿ ಲೆಕ್ಕದಲ್ಲಿ ಅಳೆಯುವಾಗ ಜಗಳ ಶುರುವಾಗುವುದೇ ಇಲ್ಲಿ.

ಕಟ್ಟಡ ಕೆಲಸ ಅಳೆಯುವುದಕ್ಕೆ ಭಾರತೀಯ ಮಾನಕ ಐಎಸ್ 1200 ಇದೆ. ಗಾರೆಗೆ ಅದು ಹೇಳುವುದು ಹೀಗೆ. ತೆರಪು ಅರ್ಧ ಚದರ ಮೀಟರ್‌ವರೆಗಿದ್ದರೆ, ಅಂದರೆ ಸುಮಾರು 5.4 ಚದರ ಅಡಿವರೆಗೆ, ಏನನ್ನೂ ಕಳೆಯಬೇಕಿಲ್ಲ. ಅದಕ್ಕಿಂತ ದೊಡ್ಡದು, ಆದರೆ 3 ಚದರ ಮೀಟರ್ (ಸುಮಾರು 32 ಚದರ ಅಡಿ) ಒಳಗಿದ್ದರೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಾರೆ ಇದ್ದಾಗ ಒಂದು ಬದಿ ಮಾತ್ರ ಕಳೆಯುತ್ತಾರೆ. 3 ಚದರ ಮೀಟರ್ ಮೀರಿದರೆ ಎರಡೂ ಬದಿ ಕಳೆದು, ತೆರಪಿನ ಅಂಚುಗಳ ಗಾರೆಯನ್ನು ಬೇರೆಯಾಗಿ ಸೇರಿಸುತ್ತಾರೆ.

ನಾಲ್ಕಡಿಗೆ ನಾಲ್ಕಡಿ ಕಿಟಕಿ ಅಂದರೆ 16 ಚದರ ಅಡಿ. ಎರಡು ಬದಿ ಸೇರಿ 32 ಆದರೂ ಬಿಲ್ಲಿನಲ್ಲಿ ಕಳೆಯುವುದು 16 ಮಾತ್ರ. ಉಳಿದ 16 ಅಡಿಗೆ ಹಣ ಏಕೆ? ಕಿಟಕಿಯ ಸುತ್ತ ಒಳಅಂಚಿಗೆ ಗಾರೆ ಮಾಡಬೇಕು, ಮೂಲೆ ನೇರ ಎಳೆಯಬೇಕು, ತೂಕದ ದಾರ ಬಿಟ್ಟು ನೋಡಬೇಕು. ಬರೀ ಗೋಡೆಗಿಂತ ಅಲ್ಲಿ ಕೈ ಹೆಚ್ಚು ಹಿಡಿಯುತ್ತದೆ. ಆ ಅಂಚುಗಳನ್ನು ಬಿಲ್ಲಿನಲ್ಲಿ ಬೇರೆ ಸೇರಿಸದೆ, ಒಂದು ಬದಿಯನ್ನು ಕಳೆಯದೆ ಬಿಟ್ಟು ಸರಿದೂಗಿಸುತ್ತಾರೆ. ಹಾಗಾಗಿ ಇದು ಮೋಸವಲ್ಲ, ಅಳತೆಯ ಪದ್ಧತಿ. ಕಿಟಕಿಯ ಒಂದು ಬದಿಯನ್ನೂ ಕಳೆಯದೆ, ಮೇಲಿಂದ ಅಂಚುಗಳನ್ನೂ ಸೇರಿಸಿದ್ದರೆ ಮಾತ್ರ ಆಕ್ಷೇಪಿಸಿ. ಯಾವ ಪದ್ಧತಿಯಲ್ಲಿ ಅಳೆಯುತ್ತೇವೆ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಮೇಸ್ತ್ರಿಗೂ ನಿಮಗೂ ನೆಮ್ಮದಿ.

ಮೋಲ್ಡ್ ಹಾಕಿದ ಸಂಜೆಯೇ ಪೂರ್ತಿ ಕಂತು?

ಹಲವು ಕರಾರುಗಳಲ್ಲಿ ‘ಮೋಲ್ಡ್ ಹಾಕಿದಾಗ’ ಎಂದಷ್ಟೇ ಇರುತ್ತದೆ. ಹಾಕಿದ ದಿನ ಸಂಜೆಗೆ ಫೋನ್ ಬರುತ್ತದೆ. ಆ ಹೊತ್ತಿಗೆ ಕಾಂಕ್ರೀಟಿನ ಅಡಿಭಾಗ ಸೆಂಟ್ರಿಂಗ್ ಹಲಗೆಯ ಮೇಲೆ ಮುಚ್ಚಿಕೊಂಡಿರುತ್ತದೆ. ಒಳಗೆ ಸರಿಯಾಗಿ ತುಂಬದೆ ಜೇನುಗೂಡಿನಂತೆ ತೂತು ಬಿದ್ದಿದೆಯೇ, ಕಂಬಿ ಹೊರಗೆ ಕಾಣುತ್ತಿದೆಯೇ ಎಂದು ತಿಳಿಯುವುದು ಸೆಂಟ್ರಿಂಗ್ ಬಿಚ್ಚಿದ ಮೇಲೆ. ಐಎಸ್ 456ರ ಪ್ರಕಾರ 4.5 ಮೀಟರ್‌ವರೆಗಿನ ಅಗಲದ ಸ್ಲ್ಯಾಬಿನ ಆಸರೆ ಕಂಬಗಳನ್ನು ಸಾಮಾನ್ಯವಾಗಿ 7 ದಿನದ ಮೊದಲು, ಅದಕ್ಕಿಂತ ಹೆಚ್ಚಿದ್ದರೆ 14 ದಿನದ ಮೊದಲು ತೆಗೆಯಬಾರದು. ಆರು ಮೀಟರ್‌ವರೆಗಿನ ಬೀಮಿಗೆ 14 ದಿನ. ಆದ್ದರಿಂದ ಮೋಲ್ಡ್ ಕಂತನ್ನು ಎರಡು ಭಾಗ ಮಾಡಿ, ಕಾಂಕ್ರೀಟ್ ಹಾಕಿದಾಗ ಒಂದು, ಕ್ಯೂರಿಂಗ್ ಆಗಿ ಸೆಂಟ್ರಿಂಗ್ ಬಿಚ್ಚಿ ನೋಡಿದ ಮೇಲೆ ಇನ್ನೊಂದು ಎಂದು ಬರೆದುಕೊಳ್ಳುವುದು ಒಳ್ಳೆಯದು.

‘ದುಡ್ಡು ಕೊಟ್ಟಾಯ್ತು, ಇನ್ನು ಏನೂ ಕೇಳೋ ಹಾಗಿಲ್ಲ’

ಇದು ತಪ್ಪು ತಿಳಿವಳಿಕೆ. ನಡುವೆ ಕೊಡುವ ಹಣ ತಾತ್ಕಾಲಿಕ ಲೆಕ್ಕದ್ದು. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ: ಮಧ್ಯಂತರ ಪಾವತಿಗಳೆಲ್ಲ ಕೊನೆಯ ಬಿಲ್ಲಿನ ಎದುರು ಕೊಟ್ಟ ಮುಂಗಡ ಮಾತ್ರ, ಕಳಪೆ ಕೆಲಸವನ್ನು ತಿರಸ್ಕರಿಸಿ ಒಡೆದು ಮತ್ತೆ ಮಾಡಿಸುವ ಹಕ್ಕು ಅದರಿಂದ ಹೋಗುವುದಿಲ್ಲ. ಇದೇ ಅರ್ಥದ ಸಾಲು ನಿಮ್ಮ ಕರಾರಿನಲ್ಲೂ ಇರಲಿ.

ಬ್ಯಾಂಕಿನ ವಿಷಯದಲ್ಲೂ ಇಂಥದ್ದೇ ಗೊಂದಲ. ಗೃಹಸಾಲದ ಕಂತು ಬಿಡುವ ಮೊದಲು ಬ್ಯಾಂಕ್ ಕಡೆಯಿಂದ ಒಬ್ಬರು ಬಂದು ನೋಡಿ ಹೋಗುತ್ತಾರೆ. ಅವರು ನೋಡುವುದು ಬ್ಯಾಂಕ್ ಕೊಟ್ಟ ಸಾಲಕ್ಕೆ ತಕ್ಕಷ್ಟು ಕಟ್ಟಡ ಎದ್ದಿದೆಯೇ ಎಂದು. ಕಬ್ಬಿಣ ಸರಿಯಾಗಿ ಕಟ್ಟಿದ್ದಾರಾ ಎಂಬುದಕ್ಕೆ ಅದು ಸರ್ಟಿಫಿಕೇಟ್ ಅಲ್ಲ. ಕಾಂಟ್ರಾಕ್ಟರ್‌ಗೆ ಸಂಬಂಧವಿಲ್ಲದ ಒಬ್ಬ ಇಂಜಿನಿಯರ್‌ಗೆ ಪ್ರತಿ ಬಿಲ್ಲಿಗೆ ಇಷ್ಟು ಎಂದು ಕೊಟ್ಟು ಅಳತೆ ಮಾಡಿಸಿದರೆ ಆ ಖರ್ಚು 7.60 ಲಕ್ಷದ ಮುಂದೆ ಚಿಕ್ಕದು.

ರೇರಾ ನಿಮ್ಮ ಕಾಂಟ್ರಾಕ್ಟರ್‌ಗೆ ಅನ್ವಯಿಸುತ್ತದೆಯೇ?

ಶೇ. 10ಕ್ಕಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂಬ ಮಾತು ನಿಜ, ಆದರೆ ಅದು ಬೇರೆ ಕಡೆಯದು. 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಫ್ಲ್ಯಾಟ್ ಅಥವಾ ಸೈಟ್ ಮಾರುವ ಪ್ರವರ್ತಕರು ಮಾರಾಟ ಕರಾರು ಬರೆದು ನೋಂದಾಯಿಸುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಕೆಲಸ ಆದಷ್ಟಕ್ಕೆ ಮಾತ್ರ ತೆಗೆಯಬೇಕು. ಎಷ್ಟು ಆಗಿದೆ ಎಂದು ಇಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ದೃಢೀಕರಿಸಬೇಕು. ನಿಮ್ಮ ಸ್ವಂತ ಸೈಟಿನಲ್ಲಿ ಮನೆ ಕಟ್ಟಲು ನೀವು ಕರೆಸಿದ ಕಾಂಟ್ರಾಕ್ಟರ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಒಂದು ಸೇವೆ.

ಕಾಂಟ್ರಾಕ್ಟರ್ ಕಡೆಯ ಮಾತೂ ಇದೆ

ಶನಿವಾರ ಬಂತೆಂದರೆ ಬಟವಾಡೆ ಆಗಬೇಕು. ಗಾರೆಯವರು, ಕಂಬಿ ಕಟ್ಟುವವರು ಒಂದು ವಾರ ಕೂಲಿ ತಪ್ಪಿದರೆ ಮುಂದಿನ ಸೋಮವಾರ ಬೇರೆ ಸೈಟಿನಲ್ಲಿರುತ್ತಾರೆ. ಕಬ್ಬಿಣದ ಅಂಗಡಿಯಲ್ಲಿ ಸಾಲ ಸಿಗುವುದೂ ಇಷ್ಟೇ ದಿನ ಎಂದಿರುತ್ತದೆ. ಕಾಂಟ್ರಾಕ್ಟರ್‌ಗಳು ಮುಂಚೆಯೇ ಹೆಚ್ಚು ಕೇಳುವುದಕ್ಕೆ ಕೊನೆಯ ಕಂತನ್ನು ಮಾಲೀಕರು ಕೊಡದೆ ಸತಾಯಿಸುತ್ತಾರೆ ಎಂಬ ಭಯವೂ ಕಾರಣ, ಮತ್ತು ಆ ಭಯ ಸುಳ್ಳಲ್ಲ. ಅದಕ್ಕೇ ದೊಡ್ಡ ದೊಡ್ಡ ನಾಲ್ಕು ಕಂತಿಗಿಂತ ಹದಿನೈದು ದಿನಕ್ಕೊಂದು ಅಥವಾ ತಿಂಗಳಿಗೊಂದು ಸಣ್ಣ ಬಿಲ್, ಅಳತೆಯಾದ ಏಳು ದಿನದೊಳಗೆ ಹಣ ಎಂಬ ಏರ್ಪಾಡು ಇಬ್ಬರಿಗೂ ಹಗುರ. ಅಡ್ವಾನ್ಸನ್ನೂ ಒಂದೇ ಬಿಲ್ಲಿನಲ್ಲಿ ಮುರಿದುಕೊಳ್ಳದೆ ನಾಲ್ಕೈದು ಬಿಲ್ಲುಗಳಲ್ಲಿ ಸ್ವಲ್ಪ ಸ್ವಲ್ಪ ಹೊಂದಿಸಬಹುದು.

ರಿಟೆನ್ಷನ್ ಹಣಕ್ಕೂ ದಿನಾಂಕ ಬೇಕು. ಖಾಸಗಿ ಕರಾರುಗಳಲ್ಲಿ ಸಾಮಾನ್ಯವಾಗಿ ಶೇ. 5ರಿಂದ 10ರವರೆಗೆ ಹಿಡಿಯುತ್ತಾರೆ. ಮನೆ ಕೈಗೆ ಕೊಟ್ಟಾಗ ಅರ್ಧ, ಒಂದು ಮಳೆಗಾಲ ಕಳೆದು ಸೋರಿಕೆ ಇಲ್ಲವೆಂದಾದ ಮೇಲೆ ಇನ್ನರ್ಧ ಎಂದು ತಿಂಗಳು ಸಮೇತ ಬರೆದಿದ್ದರೆ ಗೃಹಪ್ರವೇಶದ ಮರುದಿನದ ಮನಸ್ತಾಪ ತಪ್ಪುತ್ತದೆ.

ಕೆಲಸ ನಡುವೆ ನಿಂತೇ ಹೋದರೆ, ಹೊಸ ಕಾಂಟ್ರಾಕ್ಟರ್ ಒಂದು ಇಟ್ಟಿಗೆ ಇಡುವ ಮೊದಲು, ಆಗಿರುವ ಕೆಲಸವನ್ನು ಹಳೆಯವರನ್ನು ಕರೆಸಿ ಜಂಟಿಯಾಗಿ ಅಳೆಸಿ. ಅವರು ಬರದಿದ್ದರೆ ಲಿಖಿತವಾಗಿ ತಿಳಿಸಿ, ಇಂಜಿನಿಯರ್ ಒಬ್ಬರಿಂದ ಅಳತೆ ಮಾಡಿಸಿ, ಪ್ರತಿ ಕೋಣೆಯ ಫೋಟೊವನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಹೊಸಬರು ಗಾರೆ ಮಾಡಿದ ಮೇಲೆ ಹಳಬರು ಎಲ್ಲಿಗೆ ನಿಲ್ಲಿಸಿದ್ದರು ಎಂಬುದನ್ನು ತೋರಿಸಲು ಗ್ರಾಹಕ ಆಯೋಗದ ಮುಂದೆ ಬಹುಮಟ್ಟಿಗೆ ಇವೇ ಕಾಗದಗಳು ಉಳಿದಿರುತ್ತವೆ.