ತೆಂಗಿನ ನಾಡಿನ ಗುಡಿಗಳು ಮತ್ತು ಅವುಗಳನ್ನು ತೋರಿಸುವವರು

ತಿಪಟೂರು, ತುರುವೇಕೆರೆ ಸೀಮೆ ಕೊಬ್ಬರಿಗೆ ಹೆಸರಾದಷ್ಟು ಶಿಲ್ಪಕ್ಕೆ ಹೆಸರಾಗಿಲ್ಲ. ಆದರೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಅದರ ಒಳಛಾವಣಿಯ ನಡುವೆ ನರ್ತಿಸುವ ಶಿವನಿದ್ದಾನೆ, ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ಅದೇ ಊರಿನ ಚೆನ್ನಕೇಶವ ಗುಡಿ 13ನೇ ಶತಮಾನದ ಹೊಯ್ಸಳ ರಚನೆ. ಅಲ್ಲಿ ಶಿಲ್ಪಿ ಹೊನೋಜನ ಹೆಸರು ಉಳಿದಿದೆ. ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರ ಮತ್ತು ಚೆನ್ನಿಗರಾಯ ಗುಡಿಗಳಿವೆ. ಗಂಗಾಧರೇಶ್ವರ ಗುಡಿಯ ನುಣುಪಾದ ನಂದಿಯೂ ಇದೆ. ಹತ್ತಿರದ ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ ಮೂರು ಗರ್ಭಗುಡಿಗಳ ತ್ರಿಕೂಟ.

ಶಾಸನತಜ್ಞ ಬಿ.ಎಲ್. ರೈಸ್ ಅವರು ಈ ಸೀಮೆ ಸೇರಿರುವ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 12ನೇ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. 1906ರಿಂದ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ ಅವರ ವಾರ್ಷಿಕ ವರದಿಗಳು ನಾಡಿನ ಗುಡಿಗಳ ವಿವರಗಳನ್ನು ವಿದ್ವಾಂಸರಿಗೆ ಒದಗಿಸಿದವು.

ಆದರೆ ಸಾಮಾನ್ಯ ನೋಡುಗರಿಗೆ ಗುಡಿಯನ್ನು ಸ್ಥಳದಲ್ಲೇ ವಿವರಿಸುವವರು ಬೇಕು. ಬೇಲೂರು, ಹಳೇಬೀಡುಗಳಲ್ಲಿ ಪ್ರವಾಸಿಗರು ಹೆಚ್ಚಿದಂತೆ ಮಾರ್ಗದರ್ಶನ ಒಂದು ವೃತ್ತಿಯಾಯಿತು. ಇಲ್ಲಿನಂಥ ಸಣ್ಣ ಊರುಗಳಲ್ಲಾದರೋ ಬಾಗಿಲು ತೆರೆಯುವ ಅರ್ಚಕರು, ಊರಿನ ಹಿರಿಯರು ಹಾಗೂ ಶಾಲಾ ಮಕ್ಕಳನ್ನು ಕರೆತರುವ ಮೇಷ್ಟರುಗಳೇ ವಿವರಿಸುವವರು. ಇದು ಸಂಬಳವಿಲ್ಲದ ಸೇವೆ. ಶಾಸನದ ಕಾಲ, ಮೂರ್ತಿಯ ಲಕ್ಷಣ ಮತ್ತು ಸ್ಥಳಪುರಾಣಗಳನ್ನು ಬೇರೆಬೇರೆಯಾಗಿ ಹೇಳುವುದು, ಕೆತ್ತನೆಯನ್ನು ಮುಟ್ಟದಂತೆ ನೋಡಿಕೊಳ್ಳುವುದು ಇದರ ಮುಖ್ಯ ಹೊಣೆ. ಈ ಸೀಮೆಯ ನಿವೃತ್ತ ಶಿಕ್ಷಕರೂ ಇತಿಹಾಸದ ವಿದ್ಯಾರ್ಥಿಗಳೂ ವಾರಕ್ಕೊಂದು ದಿನ ಈ ಕೆಲಸಕ್ಕೆ ಮುಂದಾಗಬೇಕು.