ಸಭೆ ಸೇರಿದ ಮೇಲೆ

ಸಭೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಹಾರ, ತುರಾಯಿ, ವಂದನಾರ್ಪಣೆಗಳೇ ನೆನಪಾಗುತ್ತವೆ. ಕಛೇರಿಯಲ್ಲಿಯೋ ಕಾಲೇಜಿನಲ್ಲಿಯೋ ಕೆಲಸಕ್ಕೆಂದು ಕರೆದ ಸಭೆಗೂ ಆ ಮದುವೆಮನೆಯ ಛಾಯೆ ತಪ್ಪುವುದಿಲ್ಲ. ಹೊತ್ತಿಗೆ ಸರಿಯಾಗಿ ಬಂದವರು ಕಾಯಬೇಕು. ತಡವಾಗಿ ಬಂದವರಿಗೆ ಎಲ್ಲವನ್ನೂ ಮತ್ತೆ ಹೇಳಬೇಕು. ಕಾಫಿ ಬರುವ ವೇಳೆಗೆ ಮುಂದಿನ ಸಭೆಯ ದಿನವೊಂದು ಮಾತ್ರ ಗೊತ್ತಾಗಿರುತ್ತದೆ. ಇದಕ್ಕೆ ಮದ್ದು ಹೇಳುವ ಇಂಗ್ಲಿಷ್ ಪುಸ್ತಕಗಳು ಈಗ ರಾಶಿಯಾಗಿ ದೊರೆಯುತ್ತವೆ. ಆದರೆ ಈ ತೊಡಕನ್ನು ನಮ್ಮ ಮೈಸೂರು ಸೀಮೆಯವರೇ ಎರಡು ಸಾರಿ, ಎರಡು ಬೇರೆ ಬಗೆಯಲ್ಲಿ, ಬಿಡಿಸಲು ನೋಡಿದ್ದುಂಟು.

ಅದಕ್ಕೂ ಹಿಂದಿನದೊಂದು ಮಾತು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಕೂಡಿ ದೇವಾಲಯಕ್ಕೆ ಸರಕಿನ ಮೇಲೆ ಇಷ್ಟಿಷ್ಟು ಎಂದು ಬಿಟ್ಟುಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಬರುತ್ತವೆ. ಯಾರು ಎಷ್ಟು ಹೊತ್ತು ಮಾತನಾಡಿದರೆಂಬುದು ಅಲ್ಲಿಲ್ಲ. ಕೊಡುವವರು ಯಾರು, ಎಷ್ಟು, ತಪ್ಪಿದರೆ ಯಾವ ಪಾಪ, ಇಷ್ಟೇ. ಕಲ್ಲಿನ ಮೇಲೆ ಅಕ್ಷರ ಕೊರೆಯುವ ಕಷ್ಟವೇ ಮಾತಿನ ದುಂದನ್ನು ತಡೆಯುತ್ತಿತ್ತೆಂದು ಕಾಣುತ್ತದೆ!

1881ರಲ್ಲಿ ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ರಾಜ್ಯ ಒಡೆಯರ ಮನೆತನಕ್ಕೆ ಹಿಂತಿರುಗಿತಷ್ಟೆ. ಆ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ದಸರಾ ಕಾಲದಲ್ಲಿ, ಅಕ್ಟೋಬರ್ 7ರಂದು, ಮೈಸೂರಿನಲ್ಲಿ 144 ಮಂದಿ ಸೇರಿದರು. ತಾಲ್ಲೂಕುಗಳಿಂದ ಬಂದ ರೈತರು, ಹೆಸರಾದ ವರ್ತಕರು. ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಅದರ ಸಲಹೆಯನ್ನು ಸರ್ಕಾರ ಒಪ್ಪಲೇಬೇಕೆಂಬ ಕಟ್ಟೂ ಇರಲಿಲ್ಲ. ಹೀಗಿದ್ದೂ ಅದಕ್ಕೆ ಜೀವವಿತ್ತು. ಏಕೆಂದರೆ ಮೊದಲು ದಿವಾನರೇ ರಾಜ್ಯದ ಆದಾಯ ವೆಚ್ಚಗಳ ವರದಿಯನ್ನು ಪ್ರಜೆಗಳ ಮುಂದೆ ಇಡುತ್ತಿದ್ದರು. ಆಮೇಲೆ ಪ್ರತಿನಿಧಿಗಳು ಕಂದಾಯ, ಕಾಡು, ಕೆರೆಗಳ ತಾಪತ್ರಯ ಹೇಳಿಕೊಳ್ಳುವರು. ಅಮಲ್ದಾರನ ಚಾವಡಿಯಲ್ಲಿ ಕೈಕಟ್ಟಿ ನಿಂತು ಅಭ್ಯಾಸವಾದ ರೈತನಿಗೆ, ಉತ್ತರ ಕೊಡಬಲ್ಲ ಮನುಷ್ಯನೇ ಎದುರಿಗೆ ಕುಳಿತಿರುವುದು ಸಣ್ಣ ಸಂಗತಿಯಲ್ಲ. ನಡವಳಿಗಳು ಅಚ್ಚಾಗುತ್ತಿದ್ದವು, ಆಡಿದ ಮಾತು ಗಾಳಿಗೆ ಹೋಗುತ್ತಿರಲಿಲ್ಲ.

ಆದರೆ ವರ್ಷಕ್ಕೊಮ್ಮೆ ಸೇರುವ ಸಭೆಗೆ ತನ್ನ ಮಾತಿನ ಬೆನ್ನು ಹತ್ತುವುದು ಕಷ್ಟ. ಹಿಂದಿನ ವರ್ಷದ ದೂರೇ ಮರುವರ್ಷವೂ ಎದ್ದು ನಿಲ್ಲುತ್ತಿತ್ತು.

ಎರಡನೆಯ ಪ್ರಯೋಗ ವಿಶ್ವೇಶ್ವರಯ್ಯನವರದು. ಅವರಿನ್ನೂ ಮುಖ್ಯ ಇಂಜಿನಿಯರಾಗಿದ್ದಾಗ, ಅವರ ಸಲಹೆಯಂತೆ 1911ರ ಜೂನ್‌ನಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಆರಂಭವಾಯಿತು. ಕನ್ನಡದಲ್ಲಿ ಅದಕ್ಕೆ ಸಂಪದಭ್ಯುದಯ ಸಮಾಜವೆಂಬ ಸೊಗಸಾದ ಹೆಸರು. ಇಲ್ಲಿ ದೊಡ್ಡ ಸಭೆ ವರ್ಷಕ್ಕೊಂದೇ. ನಿಜವಾದ ದುಡಿಮೆ ಬೇಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವ್ಯಾಪಾರ ಎಂಬ ಮೂರು ಸಮಿತಿಗಳದು. ಒಂದೊಂದಕ್ಕೂ ವಿಷಯ ಹಂಚಿ, ಮುಂದಿನ ಸಭೆಗೆ ಏನಾಯಿತೆಂದು ವರದಿ ಕೇಳುವುದು ಪದ್ಧತಿ. ಸಭೆಯನ್ನು ಎರಡು ಸಭೆಗಳ ನಡುವಣ ದಿನಗಳಲ್ಲಿ ಅಳೆಯಬೇಕೆಂಬ ಈ ತಿಳಿವಳಿಕೆ, ನನ್ನ ಮಟ್ಟಿಗೆ, ಆ ಇಂಜಿನಿಯರರು ಕಟ್ಟಿದ ಅಣೆಕಟ್ಟುಗಳಿಗೆ ಕಡಮೆಯಾದುದಲ್ಲ.

ಫಲವೂ ಬಂತು. ಅವರ ನೇತೃತ್ವದ ಬ್ಯಾಂಕಿಂಗ್ ಸಮಿತಿಯ ವಿಚಾರದಿಂದ 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗುವವರೆಗೂ ಬಾಳಿತು. ಸಮಾಜದಲ್ಲಿ ಎದ್ದ ಕನ್ನಡದ ಮಾತು 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಾಗಿ ನಿಂತಿತು. ಕನ್ನಡ ಮೇಷ್ಟರಾದ ನಮ್ಮಂಥವರು ಆ ಅರ್ಥಶಾಸ್ತ್ರದ ಸಭೆಗೆ ಋಣಿಗಳೆಂಬುದನ್ನು ಮರೆಯುವುದೇ ಹೆಚ್ಚು. ನಮ್ಮ ಭಾಗದ ಹೆಬ್ಬಾಳದಲ್ಲಿ 1899ರಲ್ಲಿಯೇ ವಾಣೀವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆಯಲ್ಲಿ ಪ್ರಯೋಗಕ್ಷೇತ್ರವಿತ್ತಷ್ಟೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ ಅಲ್ಲಿ ಕೃಷಿಶಾಲೆ ತೆರೆಯಿತು.

ಇಷ್ಟಾದರೂ ಒಂದು ಕೊರತೆ ಹೇಳಲೇಬೇಕು. ಈ ಸಮಿತಿಗಳಲ್ಲಿ ಅಧಿಕಾರಿಗಳದೂ ಇಂಗ್ಲಿಷ್ ಕಲಿತವರದೂ ಮೇಲುಗೈ. ಕೆಲಸ ಬೇಗ ಸಾಗಿತು, ನಿಜ. ಆದರೆ ಯಲಹಂಕದ ರಾಗಿ ಹೊಲದ ಒಡೆಯನಿಗೆ ಅಲ್ಲಿ ಬಾಯಿ ತೆರೆಯುವ ಧೈರ್ಯ ಬಂದೀತೆ? ಮೇಜಿನ ಸುತ್ತ ಯಾರಿದ್ದಾರೆ, ಯಾರಿಲ್ಲ ಎಂಬ ಪ್ರಶ್ನೆ ಆಗ ರಾಜ್ಯದಲ್ಲೆಲ್ಲ ಏಳುತ್ತಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಸ್ಥಾಪನೆಯಾಯಿತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಆ ವರ್ಷವೇ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ರಂಗಾಚಾರ್ಲು ಅವರ ಸಭೆಗೆ ಕಿವಿ ಇತ್ತು, ಕೈ ಸಾಲದು. ಇವರದಕ್ಕೆ ಕೈ ಇತ್ತು, ಕಿವಿ ಸಾಲದೆಂದು ಜನ ಬಗೆದರು. ಎರಡನ್ನೂ ಒಂದು ಮಾಡುವುದು ಆ ಕಾಲಕ್ಕೆ ಕೂಡಿಬರಲಿಲ್ಲ.

ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಮುಗಿಯಿತು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಗಿತ್ತು; 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದಿತು. ಯಲಹಂಕದ ದಾರಿಯ ಜಿ.ಕೆ.ವಿ.ಕೆ. ಆವರಣದಲ್ಲಿ ಅದು ನಡೆಸುವ ಕೃಷಿಮೇಳಕ್ಕೆ ದೂರದೂರದ ರೈತರು ಬರುತ್ತಾರೆ. ಕೆಲವರು ರೋಗ ಹತ್ತಿದ ಎಲೆಯನ್ನು ಕಾಗದದಲ್ಲಿ ಸುತ್ತಿ ತಂದಿರುತ್ತಾರೆ. ಅದನ್ನು ತಜ್ಞರ ಮೇಜಿನ ಮೇಲೆ ಬಿಚ್ಚಿಟ್ಟು, ಉತ್ತರ ಬರುವವರೆಗೆ ಅಲ್ಲಾಡುವುದಿಲ್ಲ.